ತಂಬೂರಿಗೆ 20 ನಿಮಿಷ: ಊರ ಸಂಗೀತೋತ್ಸವದಲ್ಲಿ ವೇದಿಕೆ ಹಿಂದೆ ದುಡಿಯುವವರಿಗೆ

ಸಂಗೀತೋತ್ಸವಕ್ಕೆ ಕೆಲಸಕ್ಕೆ ಬರ್ತೀನಿ ಅಂದವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಖುರ್ಚಿ ಹಾಕುವುದು, ಹೂಮಾಲೆ ತರುವುದು, ಚಹಾ ಹಂಚುವುದು. ಇವೆಲ್ಲ ಬೇಕೇ ಬೇಕು, ಆದರೆ ಒಂದಿಷ್ಟು ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಒಬ್ಬರು ಹಾಡಿ ಎದ್ದು ಮತ್ತೊಬ್ಬರು ಕೂತು ಷಡ್ಜ ಹಚ್ಚುವವರೆಗಿನ 20 ನಿಮಿಷ ಮಾತ್ರ ಹಾಗಲ್ಲ. ಆ ಹೊತ್ತಿನಲ್ಲಿ ತಂಬೂರಿ ಸರಿಯಾಗಿ ಶ್ರುತಿಯಾಗದಿದ್ದರೆ ಮುಂದಿನ ಒಂದೂವರೆ ತಾಸು ಗಾಯಕರು ಹಿಂದೆ ಹೊರಳಿ ಹೊರಳಿ ನೋಡುತ್ತಲೇ ಇರುತ್ತಾರೆ. ಹಾಗಾಗಿ ಇಲ್ಲಿ ಹೇಳುವ ಕೆಲಸಗಳೆಲ್ಲ ಆ 20 ನಿಮಿಷವನ್ನು ಉಳಿಸುವ ಲೆಕ್ಕದಲ್ಲೇ ಇವೆ. ವಿಜಯಪುರ ಕಡೆಯ ಒಂದು ಊರು, ಬಯಲಲ್ಲಿ ಮಂಟಪ, 200 ಜನ ಕೇಳುಗರು, ಮೂರು ಹಿಂದೂಸ್ತಾನಿ ಗಾಯನ ಎಂದು ಇಟ್ಟುಕೊಳ್ಳೋಣ.

ಹೊತ್ತಿನ ಲೆಕ್ಕ ಹಿಂದಿನಿಂದ ಹಾಕಿ

2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ನಡುರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಆದರೆ ಅದು ತಾನಾಗಿ ಸಿಗುವಂಥದ್ದಲ್ಲ. ಮುಚ್ಚಿದ ಸಭಾಭವನಕ್ಕೆ ಈ ರಾತ್ರಿಯ ನಿರ್ಬಂಧ ಇಲ್ಲ. ಅಹೋರಾತ್ರಿ ಸಂಗೀತ ಮಾಡಬೇಕೆಂದರೆ ಒಳಗೇ ಮಾಡಿ. ಹೊರಗೆ ಮಾಡುವುದಾದರೆ ಠಾಣೆಯಿಂದ ಲಿಖಿತ ಅನುಮತಿ ಮೊದಲೇ ತಂದು, ಅದರ ಒಂದು ಪ್ರತಿ ಧ್ವನಿವರ್ಧಕದವರ ಕೈಯಲ್ಲೇ ಇರಲಿ. ಪೊಲೀಸರು ಬಂದು ಮೊದಲು ಕೇಳುವುದು ಅವರನ್ನೇ.

10ಕ್ಕೆ ಮುಗಿಯಬೇಕಾದರೆ 5.30ಕ್ಕೆ ಶುರುವಾಗಬೇಕು. ಮೊದಲಿನವರಿಗೆ 45 ನಿಮಿಷ, 6.15ಕ್ಕೆ ಮುಗಿಯುತ್ತದೆ. 20 ನಿಮಿಷ ಬದಲಾವಣೆಗೆ. 6.35ರಿಂದ ಒಂದು ತಾಸು ಎರಡನೆಯವರು. 7.35ರಿಂದ 25 ನಿಮಿಷ, ಸನ್ಮಾನವೂ ಇದರಲ್ಲೇ. 8ಕ್ಕೆ ಮುಖ್ಯ ಗಾಯಕರು ಕೂತರೆ 9.45ಕ್ಕೆ, ಕೊನೆಯಲ್ಲಿ ಹಾಡುವ ಭೈರವಿ ರಾಗಕ್ಕೆ ಬರುತ್ತಾರೆ. ಉಳಿದ 15 ನಿಮಿಷ ಭೈರವಿ ಬೆಳೆದರೆ ಇರಲಿ ಎಂದು ಬಿಟ್ಟಿದ್ದು; ಅದನ್ನು ಯಾರ ಭಾಷಣಕ್ಕೂ ಕೊಡಬೇಡಿ.

ಸನ್ಮಾನದ ಬಗ್ಗೆ ಮಾತ್ರ ಗಟ್ಟಿಯಾಗಿ ನಿಲ್ಲಬೇಕು. ಗಾಯಕರು ಕೂತು, ತಂಬೂರಿ ಶ್ರುತಿಯಾಗಿ, ತಬಲಾ ಸೇರಿದ ಮೇಲೆ ಶಾಲು ಹಿಡಿದು ವೇದಿಕೆ ಏರುವುದು ನಮ್ಮ ಕಡೆಯ ದೊಡ್ಡ ಕೆಟ್ಟ ರೂಢಿ. ಹತ್ತು ನಿಮಿಷದ ಗದ್ದಲ ಮುಗಿಯುವಷ್ಟರಲ್ಲಿ ಶ್ರುತಿ ಇಳಿದಿರುತ್ತದೆ. ಸನ್ಮಾನ ಆಗುವುದು ವೇದಿಕೆಯ ಮುಂದೆ, ನೆಲದ ಮೇಲೆ. ಅದೇ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ತಂಬೂರಿ ಶ್ರುತಿ ನಡೆದಿರಬೇಕು.

ಯಾರು ಎಲ್ಲಿ

ಇಷ್ಟು ದೊಡ್ಡ ಕಾರ್ಯಕ್ರಮಕ್ಕೆ 14 ಜನ ಸಾಕು: ವೇದಿಕೆಗೆ ಮೂವರು, ಕಲಾವಿದರ ಕೋಣೆಗೆ ಇಬ್ಬರು, ಧ್ವನಿವರ್ಧಕದವರ ಪಕ್ಕದಲ್ಲಿ ಒಬ್ಬರು, ಕರೆಂಟು-ಜನರೇಟರಿಗೆ ಒಬ್ಬರು, ಕೇಳುಗರ ಕಡೆ ಮೂವರು, ಊಟ-ಚಹಾಕ್ಕೆ ಇಬ್ಬರು, ಗಾಡಿಗೆ ಒಬ್ಬರು, ಗಡಿಯಾರ ನೋಡಲು ಒಬ್ಬರು. ಗಡಿಯಾರದವರಿಗೆ ಬೇರೆ ಯಾವ ಕೆಲಸವನ್ನೂ ಹಚ್ಚಬೇಡಿ. ಅವರ ಮಾತನ್ನು ಸಮಿತಿಯ ಹಿರಿಯರೂ ಕೇಳಬೇಕು, ಇಲ್ಲವಾದರೆ ಅವರನ್ನು ನೇಮಿಸುವುದೇ ದಂಡ.

ಎರೆ ಮಣ್ಣಿನ ಮೇಲೆ ವೇದಿಕೆ

ಕೂತು ಹಾಡುವ ಸಂಗೀತಕ್ಕೆ ಉದ್ದ 16 ಅಡಿ, ಅಗಲ 12 ಅಡಿ, ಎತ್ತರ ಎರಡೂವರೆ ಅಡಿಯ ವೇದಿಕೆ ಸಾಕು. ಇನ್ನೂ ಎತ್ತರ ಮಾಡಿದರೆ ಜಮಖಾನೆ ಮೇಲೆ ಕೂತವರಿಗೆ ಗಾಯಕರ ಮುಖದ ಬದಲು ಹಲಗೆಯ ಅಂಚು ಕಾಣುತ್ತದೆ.

ನಮ್ಮ ಎರೆ ಮಣ್ಣು ಒಣಗಿದಾಗ ಬಿರಿಯುತ್ತದೆ, ನೆನೆದಾಗ ಕಾಲನ್ನು ನುಂಗುತ್ತದೆ. ವೇದಿಕೆಯ ಪ್ರತಿ ಕಾಲಿನ ಕೆಳಗೆ ಒಂದಡಿ ಚೌಕದ, ಎರಡಿಂಚು ದಪ್ಪದ ಹಲಗೆ ಇಡಿ. ಇಡದೇ ಬಿಟ್ಟರೆ ಒಂದು ಮೂಲೆ ಅರ್ಧ ಇಂಚು ಕುಸಿದರೂ ಸಾಕು, ತಬಲಾದವರು ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬಂದಾಗಲೆಲ್ಲ ಹಲಗೆ ಕಿರ್ ಅಂತದೆ, ಮೈಕು ಅದನ್ನೂ ಹಿಡಿಯುತ್ತದೆ. ಕಟ್ಟಿದ ಮೇಲೆ ನಾಲ್ಕು ಜನ ಹತ್ತಿ ಮೂಲೆಯಿಂದ ಮೂಲೆಗೆ ಅಡ್ಡಾಡಿ. ಎಲ್ಲಿ ಸಪ್ಪಳ ಬರುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ, ಸಂದಿಗೆ ಮಡಚಿದ ರಟ್ಟು ತುರುಕಿ. ಬಿರುಕುಬಿಟ್ಟ ನೆಲದಲ್ಲಿ ಶಾಮಿಯಾನದ ಗೂಟವೂ ಸರಿಯಾಗಿ ನಿಲ್ಲುವುದಿಲ್ಲ, ಗಾಳಿಯ ಕಡೆಯ ಗೂಟಗಳಿಗೆ ಉಸುಕಿನ ಚೀಲ ಹೇರಿ.

ಹಲಗೆಯ ಮೇಲೆ ಜಮಖಾನೆ, ಅದರ ಮೇಲೆ ಗಾದಿ, ಮೇಲೆ ಬಿಳಿ ಚಾದರ. ಚಾದರದ ಅಂಚನ್ನು ಬಿಗಿಯಾಗಿ ಎಳೆದು ಗಾದಿಯ ಕೆಳಗೆ ಮಡಚಿ ಪಿನ್ನು ಹಚ್ಚಿ. ಸುಕ್ಕಾದ ಚಾದರದ ಮೇಲೆ ತಬಲಾದ ಕೆಳಗಿಡುವ ಸಿಂಬಿ ಜಾರುತ್ತದೆ, ಸೀರೆ ಉಟ್ಟು ಬಂದವರು ಎಡವುತ್ತಾರೆ. ಗಾದಿ ತೀರ ಮೆತ್ತಗಿರಬಾರದು. ಹಾರ್ಮೋನಿಯಂ ಒಂದು ಕಡೆ ವಾಲಿದರೆ ಬಾರಿಸುವವರ ಮಣಿಕಟ್ಟು ನೋಯುತ್ತದೆ.

ಬಯಲಿನ ಬದಲು ಮದುವೆ ಮಂಟಪ ಸಿಕ್ಕಿದ್ದರೆ ಒಳಗೆ ನಿಂತು ಒಮ್ಮೆ ಚಪ್ಪಾಳೆ ಹೊಡೆದು ನೋಡಿ. ಗೋಳಗುಮ್ಮಟದ ಊರಿನವರಿಗೆ ಪ್ರತಿಧ್ವನಿ ಅಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಬರೀ ಗೋಡೆ, ಟೈಲ್ಸ್ ನೆಲ ಇದ್ದರೆ ವೇಗವಾಗಿ ಓಡುವ ದ್ರುತ್ ತಾನ್‌ಗಳೆಲ್ಲ ಒಂದರೊಳಗೊಂದು ಕಲಸಿಹೋಗುತ್ತವೆ. ನೆಲಕ್ಕೆ ಪೂರ್ತಿ ಜಮಖಾನೆ ಹಾಸಿ, ವೇದಿಕೆಗೆ ಎದುರಿನ ಹಿಂದಿನ ಗೋಡೆಗೆ ದಪ್ಪ ಪರದೆ ಅಥವಾ ಕಂಬಳಿ ನೆರಿಗೆ ನೆರಿಗೆಯಾಗಿ ಇಳಿಬಿಡಿ. ಹಣ ಕೊಟ್ಟು ತರುವ ಯಾವ ಯಂತ್ರಕ್ಕಿಂತಲೂ ಇದರಿಂದ ಆಗುವ ಉಪಯೋಗ ಹೆಚ್ಚು.

ತಂಬೂರಿ

ವಿಜಯಪುರದ ಸುಲ್ತಾನ ಇಬ್ರಾಹಿಂ ಆದಿಲ್‌ಶಾಹಿ ಎರಡನೆಯವನು (ಆಳಿದ್ದು 1580ರಿಂದ 1627) ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಮನುಷ್ಯರಂತೆ ನಡೆಸಿಕೊಂಡವನು. ಅಷ್ಟು ಬೇಡ, ಆದರೆ ಬಾಡಿಗೆ ಗಾಡಿಯ ಡಿಕ್ಕಿಯಲ್ಲಿ ಸ್ಟೀಲ್ ಪಾತ್ರೆಗಳ ಜೊತೆ ತಂಬೂರಿ ಹಾಕಿ ತರಬೇಡಿ. ಬುರುಡೆ ಅಂದರೆ ಒಣಗಿದ ಕುಂಬಳ, ಮೊಣಕಾಲು ತಾಗಿದರೂ ಸೀಳುತ್ತದೆ. ಕಾರಿನ ಹಿಂದಿನ ಸೀಟಿನ ಮೇಲೆ, ಬುರುಡೆಯ ಕೆಳಗೆ ದಿಂಬು ಕೊಟ್ಟು, ಒಬ್ಬರು ಪಕ್ಕದಲ್ಲಿ ಕೂತು ಹಿಡಿದು ತರಬೇಕು. ನಿಲ್ಲಿಸಿದ ಕಾರಿನಲ್ಲಿ ಬಿಸಿಲಿಗೆ ಬಿಡಬಾರದು, ಅಂಟು ಬಿಡುತ್ತದೆ. ಎತ್ತುವಾಗ ಒಂದು ಕೈ ಕುತ್ತಿಗೆಗೆ, ಇನ್ನೊಂದು ಬುರುಡೆಯ ಕೆಳಗೆ. ತಂತಿ ಬಿಗಿಸುವ ಬಿರಡೆ ಹಿಡಿದು ಎತ್ತಿದರೆ ಇದ್ದ ಶ್ರುತಿಯೂ ಹೋಯಿತು.

ವಾರ ಮೊದಲೇ ಕಲಾವಿದರಿಗೆ ಫೋನ್ ಮಾಡಿ ಕೇಳಬೇಕಾದ ಮೊದಲ ಮಾತು, "ಸರ್, ಶ್ರುತಿ ಎಷ್ಟು ಹಿಡೀತೀರಿ?" ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಉತ್ತರ ಬರುತ್ತದೆ: ಕರಿ ಒಂದು, ಬಿಳಿ ಎರಡು, ಕರಿ ನಾಲ್ಕು. ಗಂಡಸರು ಸಾಮಾನ್ಯವಾಗಿ ಬಿಳಿ ಒಂದರಿಂದ ಕರಿ ಎರಡರ ನಡುವೆ, ಹೆಂಗಸರು ಕರಿ ಮೂರರಿಂದ ಕರಿ ಐದರ ನಡುವೆ ಹಾಡುತ್ತಾರೆ. ಎರಡಕ್ಕೂ ಒಂದೇ ತಂಬೂರಿ ಜೋಡಿ ನಡೆಯುವುದಿಲ್ಲ. ಕರಿ ಒಂದಕ್ಕೆ ತಂತಿ ಹಾಕಿದ ತಂಬೂರಿಯನ್ನು ಕರಿ ನಾಲ್ಕಕ್ಕೆ ಏರಿಸಹೋದರೆ ತಂತಿ ಹರಿಯುತ್ತದೆ, ಇಳಿಸಹೋದರೆ ಜೋತುಬಿದ್ದು ಸ್ವರವೇ ಹೊರಡುವುದಿಲ್ಲ. ಪಟ್ಟಿಯಲ್ಲಿ ಇಬ್ಬರೂ ಇದ್ದರೆ ಎರಡು ಜೋಡಿ ತಂಬೂರಿ ಬೇಕು. ಅವು ಮಿರಜಿನವೇ ಆಗಿರುತ್ತವೆ ಎನ್ನಿ. ಈ ಭಾಗದಲ್ಲಿ ಒಳ್ಳೆಯ ತಂಬೂರಿ ಅಂದರೆ ಇವತ್ತಿಗೂ ಮಿರಜಿನದ್ದೇ. ತಬಲಾಕ್ಕೂ ಇದೇ ಮಾತು: ಶ್ರುತಿ ಇಳಿದಷ್ಟೂ ದಾಯಾದ (ಬಲಗೈಯ ತಬಲಾದ) ಬಾಯಿ ಅಗಲ ಆಗಬೇಕು. ಯಾವ ಶ್ರುತಿ ಎಂದು ತಬಲಾದವರಿಗೂ ಹೇಳಿ, ಅವರು ತಕ್ಕದ್ದನ್ನು ತರುತ್ತಾರೆ.

ಎರಡನೆಯ ಮಾತು, ಮೊದಲ ತಂತಿ ಪಂಚಮವೋ ಮಧ್ಯಮವೋ. ಮಾಲಕಂಸದಲ್ಲಿ ಪಂಚಮ ಇಲ್ಲ, ಮಧ್ಯಮಕ್ಕೆ ಹಚ್ಚುತ್ತಾರೆ. ಮಾರವಾದಂಥ ರಾಗಕ್ಕೆ ನಿಷಾದ. ಯಾವ ರಾಗ ಎಂದು ಬಾಯಿಬಿಟ್ಟು ಕೇಳುವುದು ಕೆಲವರಿಗೆ ಸೇರುವುದಿಲ್ಲ. ತಂತಿಯ ಬಗ್ಗೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇನ್ನು ಶ್ರುತಿ ಏಕೆ ನಿಲ್ಲುವುದಿಲ್ಲ ಎಂಬುದು. ಚಳಿಗಾಲದ ಸಂಜೆ ಹೊರಗೆ ಥಂಡಿ, ವೇದಿಕೆಯ ದೀಪದ ಕೆಳಗೆ ಬಿಸಿ. ತಂಬೂರಿಯ ತಂತಿ ಬಿಸಿಗೆ ಹಿಗ್ಗಿ ಸ್ವರ ಇಳಿಯುತ್ತದೆ. ತಬಲಾದ ಚರ್ಮ ಅದೇ ಬಿಸಿಗೆ ಒಣಗಿ ಬಿಗಿದು ಸ್ವರ ಏರುತ್ತದೆ. ಹಾರ್ಮೋನಿಯಂ ಇದ್ದಲ್ಲೇ ಇರುತ್ತದೆ. ಕೋಣೆಯಲ್ಲಿ ಮೂರೂ ಕೂಡಿದ್ದವು, ಐದೇ ನಿಮಿಷಕ್ಕೆ ಮೂರು ದಿಕ್ಕಾದವು! ಆದ್ದರಿಂದ ಶ್ರುತಿ ಎರಡು ಹಂತದಲ್ಲಿ ಆಗಬೇಕು. ಮುಕ್ಕಾಲು ಪಾಲು ಕೋಣೆಯಲ್ಲಿ, ಬಾಗಿಲು ಹಾಕಿ, ಫ್ಯಾನ್ ಆರಿಸಿ, ವೇದಿಕೆಗೆ ಹೋಗುವ ಹಾರ್ಮೋನಿಯಂ ಅನ್ನೇ ಇಟ್ಟುಕೊಂಡು. ಬೇರೆ ಹಾರ್ಮೋನಿಯಂ ಇಟ್ಟುಕೊಂಡರೆ ಪ್ರಯೋಜನವಿಲ್ಲ, ಎರಡು ಪೆಟ್ಟಿಗೆಗಳ ಸ್ವರ ಹೆಚ್ಚಾಗಿ ಒಂದೇ ಇರುವುದಿಲ್ಲ. ಉಳಿದ ಕಾಲು ಪಾಲು ವೇದಿಕೆಯ ಮೇಲೆ, ದೀಪ ಹಚ್ಚಿದ ಮೇಲೆ. ಹಳೆಯ ಹ್ಯಾಲೋಜನ್ ದೀಪಕ್ಕಿಂತ ಎಲ್‌ಇಡಿ ಹಾಕಿಸಿದರೆ ಅರ್ಧ ತಲೆನೋವು ಕಡಿಮೆ.

ಬಿರಡೆ ಜಾರುತ್ತಿದ್ದರೆ ಅದನ್ನು ಸ್ವಲ್ಪ ಎಳೆದು ಸೀಮೆಸುಣ್ಣ ಸವರಿ ಒಳಗೆ ಒತ್ತಿ ತಿರುಗಿಸಿ. ಒಂದು ತಂತಿ ಮಾತ್ರ ಮಂಕಾಗಿದ್ದರೆ ತಂತಿ ಹಾದುಹೋಗುವ ಕುದುರೆಯ ಮೇಲೆ ತಂತಿಯ ಕೆಳಗಿರುವ ಜೀವಾ ದಾರ ಸರಿದಿರುತ್ತದೆ. ತಂಬೂರಿ ಬಲ್ಲವರು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ಮತ್ತೆ ಝೇಂಕಾರ ಬರುತ್ತದೆ. ಗೊತ್ತಿಲ್ಲದವರು ಮುಟ್ಟಬೇಡಿ. ಇಲೆಕ್ಟ್ರಾನಿಕ್ ತಂಬೂರಿಯನ್ನು ಪೂರ್ತಿ ಚಾರ್ಜ್ ಮಾಡಿ ಪಕ್ಕದಲ್ಲಿರಲಿ. ಅದು ತಂಬೂರಿಯ ಬದಲಿ ಅಲ್ಲ, ನಡುವೆ ತಂತಿ ಹರಿದಾಗ ಹಾಡು ನಿಲ್ಲಬಾರದು ಅಂತ.

ಆ 20 ನಿಮಿಷ ಹೀಗೆ

ಗಾಯಕರು ಕೈಮುಗಿದು ಎದ್ದ ಕೂಡಲೇ ಧ್ವನಿವರ್ಧಕದವರು ಎಲ್ಲ ಮೈಕು ಮುಚ್ಚಬೇಕು. ಮುಚ್ಚುವ ಮೊದಲು ಯಾರೂ ಮೈಕಿನ ವೈರು ಮುಟ್ಟಬಾರದು. ಮುಟ್ಟಿದರೆ ಸ್ಪೀಕರಿನಿಂದ ಗುಂಡು ಹಾರಿದಂಥ ಸದ್ದು. ಮೊದಲು ವಾದ್ಯಗಳು ಇಳಿಯಲಿ, ಆಮೇಲೆ ಜನ. ಅಭಿಮಾನಿಗಳು ಫೋಟೊಕ್ಕೆ ವೇದಿಕೆ ಹತ್ತುವುದು ಇದೇ ಹೊತ್ತಿಗೆ. ಒಬ್ಬರು ಮೆಟ್ಟಿಲ ಹತ್ತಿರ ನಿಂತು, "ಕಾಕಾ, ಬುವಾ ಅವರು ಕೆಳಗ ಬರ್ತಾರ್ರಿ, ಅಲ್ಲೇ ಮಾತಾಡೂಣ" ಎಂದು ಮರ್ಯಾದೆಯಿಂದಲೇ ತಡೆಯಬೇಕು.

ಐದನೆಯ ನಿಮಿಷಕ್ಕೆ ಚಾದರ ಜಾಡಿಸಿ. ತಬಲಾದವರ ಪೌಡರು ಬಿದ್ದಿರುತ್ತದೆ, ಒಣ ಬಟ್ಟೆಯಲ್ಲೇ ಒರೆಸಿ, ಒದ್ದೆ ಬಟ್ಟೆ ತಂದರೆ ಅಂಟಾಗುತ್ತದೆ. ಚಾದರವನ್ನು ಮತ್ತೆ ಬಿಗಿ ಮಾಡಿ. ಎಂಟನೆಯ ನಿಮಿಷಕ್ಕೆ ಹೊಸ ವಾದ್ಯಗಳು ಮೇಲೆ ಬರಲಿ. ತಬಲಾ ಒಂದು ಬದಿ, ಹಾರ್ಮೋನಿಯಂ ಇನ್ನೊಂದು ಬದಿ, ತಂಬೂರಿ ಎರಡೂ ಹಿಂದೆ. ಯಾವುದು ಯಾವ ಬದಿ ಎಂದು ಗಾಯಕರನ್ನೇ ಕೇಳಿಟ್ಟುಕೊಂಡಿರಬೇಕು. ಹತ್ತನೆಯ ನಿಮಿಷಕ್ಕೆ ಎಲ್ಲರೂ ಕೂತಿರಬೇಕು, ಮೈಕಿನ ಸ್ಟ್ಯಾಂಡು ಅವರ ಎತ್ತರಕ್ಕೆ ಬಂದಿರಬೇಕು.

ಮುಂದಿನ ಏಳೆಂಟು ನಿಮಿಷ ನಿಮ್ಮ ಕೆಲಸ ಏನೂ ಮಾಡದೇ ಇರುವುದು, ಮತ್ತು ಬೇರೆಯವರೂ ಏನೂ ಮಾಡದ ಹಾಗೆ ನೋಡಿಕೊಳ್ಳುವುದು. ನಿರೂಪಕರು ಈ ಹೊತ್ತಿನಲ್ಲೇ ಕಲಾವಿದರ ಗುರುಪರಂಪರೆ, ಪ್ರಶಸ್ತಿಗಳ ಪಟ್ಟಿ ಓದಲು ಶುರು ಮಾಡುತ್ತಾರೆ. ಬೇಡ. ಸ್ಪೀಕರಿನಲ್ಲಿ ಮಾತು ಕೇಳುತ್ತಿದ್ದರೆ ವೇದಿಕೆಯ ಮೇಲಿದ್ದವರಿಗೆ ತಂತಿಯ ಸ್ವರ ಕೇಳುವುದು ಹೇಗೆ? ಪರಿಚಯವೆಲ್ಲ ವಾದ್ಯಗಳು ಮೇಲೆ ಬರುವ ಮೊದಲೇ ಮುಗಿಯಬೇಕು. ಕೇಳುಗರು ಸುಮ್ಮನೆ ಕೂತಿರುತ್ತಾರೆ, ಹೆದರಬೇಡಿ. ತಬಲಾದವರು ಸುತ್ತಿಗೆಯಿಂದ ಪಕ್ಕದ ಮರದ ಗಟ್ಟಗಳನ್ನು ಬಡಿದು ಸ್ವರಕ್ಕೆ ತರುವುದನ್ನು ನೋಡುವುದೂ ಜನರಿಗೆ ಇಷ್ಟವೇ. ಕೊನೆಯ ಎರಡು ನಿಮಿಷಕ್ಕೆ ಮೈಕು ಒಂದೊಂದೇ ತೆರೆದು, ಗಾಯಕರು ಒಮ್ಮೆ ಷಡ್ಜ ಹಚ್ಚಿ ನೋಡಿ ತಲೆ ಆಡಿಸಿದರೆ ಆಯಿತು.

ತಂಬೂರಿಗೆ ಕೂರಲು ಗಾಯಕರ ಶಿಷ್ಯರೇ ಬಂದರೆ ಒಳ್ಳೆಯದು. ಇಲ್ಲವಾದರೆ ಒಂದೂವರೆ ತಾಸು ಒಂದೇ ಲಯದಲ್ಲಿ ಮೀಟಬಲ್ಲ, ಫೋನ್ ತೆಗೆಯದ ಇಬ್ಬರನ್ನು ಊರಿನಲ್ಲೇ ಹುಡುಕಿಟ್ಟುಕೊಳ್ಳಿ.

ಮೈಕು, ಸ್ಪೀಕರು, ಕರೆಂಟು

ನಮ್ಮ ಕಡೆ ಧ್ವನಿವರ್ಧಕದವರು ಬಹಳ ಮಂದಿ ಡಿಜೆ, ಮೆರವಣಿಗೆಯಿಂದ ಬಂದವರು. ಕೆಲಸ ಬಲ್ಲವರೇ, ಆದರೆ ಕೇಳದಿದ್ದರೂ ಬೇಸ್ ಬಾಕ್ಸ್ ತರುತ್ತಾರೆ. 200 ಜನಕ್ಕೆ ಸ್ಟ್ಯಾಂಡಿನ ಮೇಲೆ ಎರಡು ಸ್ಪೀಕರು, ವೇದಿಕೆಗೆ ಮೂರು ಮಾನಿಟರು (ಕಲಾವಿದರ ಕಡೆ ತಿರುಗಿಸಿಟ್ಟ ಸ್ಪೀಕರು) ಸಾಕು ಎಂದು ಮೊದಲೇ ಹೇಳಿ. ಸ್ಪೀಕರು ಏಳಡಿ ಎತ್ತರದಲ್ಲಿ ಇರಲಿ. ಕೆಳಗಿಟ್ಟರೆ ಮುಂದಿನ ಸಾಲಿನವರ ಕಿವಿ ಕಿತ್ತುಹೋಗುತ್ತದೆ, ಹಿಂದಿನವರಿಗೆ ಕೇಳುವುದಿಲ್ಲ. ಗಾಯಕರ ಮೈಕಿನಲ್ಲಿ 80–100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಲು ಹೇಳಿ. ಎಕೋ ಬೇಡವೇ ಬೇಡ, ರಿವರ್ಬ್ ಉಪ್ಪಿನಷ್ಟು.

ಗಾಯಕರಿಗೆ ಶ್ಯೂರ್ ಎಸ್‌ಎಂ 58ನಂಥ ಮೈಕು, ಬಾಯಿಗೆ ಆರರಿಂದ ಎಂಟು ಇಂಚು ದೂರ, ಗಲ್ಲದ ಮಟ್ಟಕ್ಕೆ. ತಬಲಾಕ್ಕೆ ಎರಡು, ಕೈ ತಾಗದಷ್ಟು ದೂರ. ಹಾರ್ಮೋನಿಯಂಗೆ ಮೇಲಿನಿಂದ ಓರೆಯಾಗಿ. ತಿದಿಯ ಹಿಂದೆ ಇಟ್ಟರೆ ಗಾಳಿಯ ಉಸಿರಾಟವೇ ಕೇಳುತ್ತದೆ. ತಂಬೂರಿ ಎರಡರ ನಡುವೆ ಒಂದು ಮೈಕು, ಕೇಳುಗರಿಗೆ ಬಹಳ ಕಡಿಮೆ, ಗಾಯಕರ ಮಾನಿಟರಿಗೆ ಧಾರಾಳ. ಮಾನಿಟರನ್ನು ಮೈಕಿನ ಬಾಲದ ನೇರಕ್ಕೆ ಇಡಿ, ಆ ಕಡೆ ಅದಕ್ಕೆ ಕಿವಿ ಮಂದ. ಪಕ್ಕಕ್ಕೆ ಸರಿಸಿದರೆ ಕುಂಯ್ ಎಂದು ಕೂಗುತ್ತದೆ. ಕೂಗಿದಾಗ ಎಲ್ಲ ಮೈಕು ಇಳಿಸುವುದಲ್ಲ, ಯಾವುದು ಕೂಗುತ್ತಿದೆ ಎಂದು ಹುಡುಕಿ ಅದೊಂದನ್ನೇ ಇಳಿಸಬೇಕು.

ಸ್ಪೀಕರಿನಲ್ಲಿ ಗುಂಯ್ ಅನ್ನುವ ಗುಂಗು ಬೇರೆ ರೋಗ. ಮಿಕ್ಸರು ಒಂದು ಕಡೆಯ ಸಾಕೆಟ್ಟಿನಿಂದ, ಆಂಪ್ಲಿಫೈಯರು ಇನ್ನೊಂದು ಕಡೆಯಿಂದ ಕರೆಂಟು ತೆಗೆದುಕೊಂಡರೆ ಬರುತ್ತದೆ. ಎರಡನ್ನೂ ಒಂದೇ ಬೋರ್ಡಿಗೆ ತನ್ನಿ. ಮೈಕಿನ ವೈರು, ಕರೆಂಟಿನ ವೈರು ಜೊತೆಜೊತೆಗೆ ಎಳೆಯಬೇಡಿ, ದಾಟಲೇಬೇಕಾದರೆ ಅಡ್ಡ ದಾಟಿಸಿ. ಮೈಕು ಮುಟ್ಟಿದರೆ ಚುರ್ ಅನ್ನುತ್ತಿದ್ದರೆ ಕೂಡಲೇ ಆರಿಸಿ, ಅರ್ಥಿಂಗ್ ನೋಡಿ. ಬಿರಿದ ಎರೆ ಮಣ್ಣಿನಲ್ಲಿ ಅರ್ಥಿಂಗ್ ಸಲಾಕೆ ನೆಲಕ್ಕೆ ತಾಗದೇ ಬಿರುಕಿನಲ್ಲಿ ನಿಂತಿರುತ್ತದೆ. ಮಧ್ಯಾಹ್ನವೇ ಸುತ್ತ ಎರಡು ಮೂರು ಬಕೆಟ್ ಉಪ್ಪುನೀರು ಹಾಕಿ ಮಣ್ಣು ಕೂಡುವ ಹಾಗೆ ತುಳಿದಿರಬೇಕು. ಇದನ್ನು ವೈರ್‌ಮನ್‌ ಎದುರಿಗೇ ಮಾಡಿಸಿ.

ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆದಿದ್ದರೂ 15 ಕೆವಿಎ ಜನರೇಟರ್ ನಿಂತಿರಲಿ. ತಾಸಿಗೆ ಸುಮಾರು ಮೂರು ಲೀಟರ್ ಡೀಸೆಲ್ ಹಿಡಿಯಿರಿ. ಮಂಟಪದಿಂದ ನೂರಡಿ ದೂರ, ಗಾಳಿ ಹೋಗುವ ದಿಕ್ಕಿಗೆ, ಆದರೆ ಗೋಡೆಯ ಮರೆಗೆ. ಓಡುತ್ತಿರುವಾಗ ಡೀಸೆಲ್ ಹಾಕುವುದು ಬೇಡ. ಕರೆಂಟು ಬದಲಾಗುವ ಐದು ಸೆಕೆಂಡಿನಲ್ಲಿ ಡಿಜಿಟಲ್ ಮಿಕ್ಸರು ಆರಿ, ಮತ್ತೆ ಎದ್ದು ಕೂರಲು ಒಂದು ನಿಮಿಷ ತೆಗೆದುಕೊಳ್ಳುತ್ತದೆ. ಆ ಒಂದು ನಿಮಿಷದ ಸಲುವಾಗಿ ಮಿಕ್ಸರಿಗೆ ಮಾತ್ರ ಒಂದು ಸಣ್ಣ ಯುಪಿಎಸ್ ಹಚ್ಚಿ.

ಕೋಣೆ ಮತ್ತು ಊಟ

ಕಲಾವಿದರ ಕೋಣೆಯಲ್ಲಿ ಬಿಸಿನೀರಿನ ಫ್ಲಾಸ್ಕು, ಕಲ್ಲುಸಕ್ಕರೆ, ಲವಂಗ, ಜ್ಯೇಷ್ಠಮಧು, ಕನ್ನಡಿ, ಸ್ವಚ್ಛ ಪಾಯಖಾನೆಯ ಕೀಲಿ. ಹಾಡುವ ಮೊದಲು ಮಿರ್ಚಿ ಭಜಿ ತಟ್ಟೆ ಮುಂದಿಟ್ಟು ಒತ್ತಾಯ ಮಾಡಬೇಡಿ. ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಎಲ್ಲ ಹಾಡಿದ ಮೇಲೆ. ಕಲಾವಿದರು, ಕೆಲಸದವರು ಸೇರಿ 25 ಜನ ಅಂದರೆ 70 ರೊಟ್ಟಿ. ಸಂಭಾವನೆಯ ಲಕೋಟೆ ಊಟಕ್ಕೆ ಕೂರುವ ಮೊದಲೇ ಕೈ ಸೇರಲಿ, ತಂಬೂರಿಗೆ ಕೂತವರಿಗೂ ಬೇರೆ ಲಕೋಟೆ.

ಕೇಳುಗರ ಚಹಾ 200 ಕಪ್ಪಿಗೆ ಹಾಲು 9 ಲೀಟರ್, ನೀರು 8, ಪುಡಿ ಅರ್ಧ ಕೆಜಿ, ಸಕ್ಕರೆ ಎರಡು ಕೆಜಿ ಒಳಗೆ. ಅದನ್ನು 7.35ರ ಬಿಡುವಿನಲ್ಲಿ ಮಂಟಪದ ಹೊರಗೆ ಕೊಡಿ. ನಿಧಾನ ಲಯದ ವಿಲಂಬಿತ್ ನಡೆದಾಗ ಸಾಲುಗಳ ನಡುವೆ ಕಿಟ್ಲಿ ಹಿಡಿದು ಓಡಾಡುವುದನ್ನು ಹೇಗಾದರೂ ನಿಲ್ಲಿಸಿ. ಮುಂದೆ ಜಮಖಾನೆ, ಹಿಂದೆ ಮೊಣಕಾಲು ನೋವಿನವರಿಗೆ ಖುರ್ಚಿ. 30 ಅಡಿ ಅಗಲ, 40 ಅಡಿ ಉದ್ದದ ಜಾಗದಲ್ಲಿ ಓಡಾಡಲು ದಾರಿ ಬಿಟ್ಟರೂ ನೆಲದ ಮೇಲೆ 160 ಜನ ಕೂರುತ್ತಾರೆ.

ಮುಗಿದ ಮೇಲೆ

ಮೊದಲು ಆಂಪ್ಲಿಫೈಯರು ಆರಿಸಿ, ಆಮೇಲೆ ಮಿಕ್ಸರು. ಹಚ್ಚುವಾಗ ಇದಕ್ಕೆ ತಿರುವುಮುರುವು. ಶಾಮಿಯಾನ ಬಿಚ್ಚುವವರು ಬರುವ ಮೊದಲೇ ತಂಬೂರಿಗಳು ಗವಸು ಹಾಕಿಕೊಂಡು ಗಾಡಿ ಸೇರಿರಬೇಕು. ತಂತಿ ಸಡಿಲಿಸಬೇಕೋ ಬೇಡವೋ ಎಂಬುದು ತಂಬೂರಿಯ ಯಜಮಾನರಿಗೆ ಬಿಟ್ಟದ್ದು, ಕೇಳಿ ಮಾಡಿ. ಮೈಕು, ಸ್ಟ್ಯಾಂಡು, ಲೋಡು, ಚಾದರ ಎಣಿಸುವುದು ದೀಪ ಆರಿಸುವ ಮೊದಲು, ಇಬ್ಬರು ಕೂಡಿ, ಬರೆದ ಪಟ್ಟಿ ಹಿಡಿದು. ಬೆಳಿಗ್ಗೆ ಒಬ್ಬರು ಹಾರೆ ಹಿಡಿದು ಬಂದು ಗೂಟ ಕಿತ್ತ ಕುಣಿಗಳನ್ನೂ ಅರ್ಥಿಂಗ್ ಸಲಾಕೆಯ ಕುಣಿಯನ್ನೂ ಮುಚ್ಚಿಬಿಡಬೇಕು, ಎಂಟು ಗಂಟೆಗೆಲ್ಲ ಹುಡುಗರು ಅಲ್ಲಿ ಕ್ರಿಕೆಟ್ ಆಡಲು ಬರುತ್ತಾರೆ.